ಟಕ್ ಎನ್ನದ ಬಾಗಿಲು

ಕೆಟ್ಟುಹೋದ ಯಂತ್ರದ ಮುಂದೆ ಗಂಡಸರು ಎರಡು ಬಗೆಯಾಗಿ ವರ್ತಿಸುತ್ತಾರೆ. ಕೆಲವರು ಕೂಡಲೇ ಸ್ಕ್ರೂಡ್ರೈವರ್ ಹುಡುಕುತ್ತಾರೆ. ಉಳಿದವರು ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ, ಇದಕ್ಕಿಂತ ದೊಡ್ಡ ಚಿಕಿತ್ಸೆ ಇಲ್ಲವೆಂಬಂತೆ ಕೈಕಟ್ಟಿ ನಿಲ್ಲುತ್ತಾರೆ. ನಾನು ಎರಡನೆಯ ಪಂಗಡದವನು. ನಮ್ಮ ಮನೆಯಲ್ಲಿ ಫ್ಯಾನು ನಿಂತರೂ ಮಿಕ್ಸಿ ಮುನಿಸಿಕೊಂಡರೂ ನನ್ನಿಂದ ಆಗುವುದು ಇಷ್ಟೇ. ಇಷ್ಟರಿಂದಲೇ ಅವು ಸರಿಹೋದ ಉದಾಹರಣೆಗಳೂ ಇವೆ. ಆಗೆಲ್ಲ ರಾತ್ರಿ ಊಟಕ್ಕೆ ಕೂತಾಗ ಆ ವಿಷಯ ಎತ್ತದೆ ಬಿಟ್ಟವನಲ್ಲ.

ಕಳೆದ ಮಳೆಗಾಲದಲ್ಲಿ ಮಾತ್ರ ಈ ಚಿಕಿತ್ಸೆ ಫಲಿಸಲಿಲ್ಲ. ಮಲಾಡ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ನನ್ನ ಹೆಂಡತಿ ಸುಮತಿಯ ಬಲಗೈ ಮುರಿದಿತ್ತು. ಬೀಳುವಾಗ ಮುಂದಿದ್ದ ಮುದುಕಿಯೊಬ್ಬರನ್ನು ಹಿಡಿದು ನಿಲ್ಲಿಸಿ ತಾನು ಬಿದ್ದಳಂತೆ. ಅದು ಅವಳ ಸ್ವಭಾವ. ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದವಳು ಸೋಫಾದ ಮೇಲೆ ಕೂತು, ಎಡಗೈಯ ಒಂದು ಬೆರಳಿನಿಂದ ಇಡೀ ಸಂಸಾರ ನಡೆಸತೊಡಗಿದಳು. ಆ ಬೆರಳು ತೋರಿಸಿದ ಕಡೆ ನಾನು ಹೋಗುತ್ತಿದ್ದೆ. ಅನ್ನ, ಸಾರು, ಕಸ, ಪಾತ್ರೆ, ಎಲ್ಲವೂ ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ವಾಷಿಂಗ್ ಮೆಷಿನ್ ಹಟ ಹಿಡಿಯಿತು.

ಪೂರ್ತಿ ಸತ್ತುಹೋಗಿದ್ದರೆ ನನಗೂ ಸಮಾಧಾನವಿರುತ್ತಿತ್ತು. ಸ್ವಿಚ್ ಹಾಕಿದರೆ ದೀಪಗಳೆಲ್ಲ ಹೊತ್ತಿಕೊಳ್ಳುತ್ತಿದ್ದವು. ಎಂದಿನ ಪುಟ್ಟ ಸಂಗೀತವೂ ಬರುತ್ತಿತ್ತು. ಸ್ಟಾರ್ಟ್ ಗುಂಡಿ ಒತ್ತಿದರೆ ಮಾತ್ರ, ಆಫೀಸಿನಲ್ಲಿ ಕೆಲಸ ಹೇಳಿದಾಗ ಕೆಲವರು ಮುಗುಳ್ನಕ್ಕು ಸುಮ್ಮನೆ ಕೂತಿರುತ್ತಾರಲ್ಲ, ಹಾಗೆ ಕೂತಿರುತ್ತಿತ್ತು. ಕಂಪನಿಗೆ ಫೋನ್ ಮಾಡಿದೆ. ಮಳೆಯಿಂದಾಗಿ ಎಲ್ಲ ಕಡೆಯಿಂದ ದೂರುಗಳು ಬಂದಿವೆ, ಮುಂದಿನ ವಾರ ನೋಡೋಣ ಎಂದು ಒಬ್ಬಾಕೆ ಬಹಳ ಪ್ರೀತಿಯಿಂದ ಹಿಂದಿಯಲ್ಲಿ ಹೇಳಿದಳು.

ಹಾಗಾಗಿ ಬಕೆಟ್ಟಿಗೆ ಇಳಿದೆ. ಅಂಗಿ, ಲುಂಗಿಗಳವರೆಗೆ ನನ್ನ ಘನತೆ ಉಳಿದಿತ್ತು. ಬೆಡ್‌ಶೀಟ್ ಹಿಂಡಲು ಇಬ್ಬರು ಬೇಕು ಎಂಬ ಸತ್ಯ ಬಚ್ಚಲಿನಲ್ಲಿ ಒಂಟಿಯಾಗಿ ನಿಂತಾಗ ಹೊಳೆಯಿತು. ಒಂದು ತುದಿಯನ್ನು ನಲ್ಲಿಗೆ ಕಟ್ಟಿ ಇನ್ನೊಂದು ತುದಿಯನ್ನು ತಿರುಚಿದೆ. ಬೆಡ್‌ಶೀಟಿಗಿಂತ ಮೊದಲು ನಲ್ಲಿ ತಿರುಗಿ, ನೀರು ನೇರವಾಗಿ ನನ್ನ ಕನ್ನಡಕಕ್ಕೆ ಬಂತು. ಅರೆಬರೆ ಹಿಂಡಿದ ಆ ಬಟ್ಟೆಯನ್ನು ಬಾಲ್ಕನಿಯಲ್ಲಿ ಹರವಿ ಒಳಗೆ ಬಂದು ಕೂತಿದ್ದೆನಷ್ಟೇ, ಕೆಳಗಿನ ಮನೆಯ ಸಾವಂತ್‌ಬಾಯಿ ಬೆಲ್ ಒತ್ತಿದರು. ಅವರ ಕೈಯಲ್ಲಿ ತೊಟ್ಟಿಕ್ಕುವ ಸೀರೆಯಿತ್ತು.

"ಅಹೋ, ತುಮಚಂ ಪಾಣಿ ಆಮಚ್ಯಾ ಸಾಡೀವರ್!" ಎಂದರು. ನಮ್ಮ ನೀರು ಅವರ ಒಣಗಿದ ಸೀರೆಯ ಮೇಲೆ ಇಳಿದಿತ್ತು. ನಾನು ಕ್ಷಮೆ ಕೇಳುತ್ತಿರುವಾಗಲೇ ಲಿಫ್ಟಿನಿಂದ ಇಳಿದವಳು ನನ್ನ ನಾದಿನಿ ವಿನೋದಾ. ಸಾಂತಾಕ್ರೂಜ್‌ನಲ್ಲಿ ಅವಳ ಗಂಡನ ಹೋಟೆಲಿದೆ. ಅಲ್ಲಿನ ಗಲ್ಲಾದಿಂದ ಅಡುಗೆಮನೆಯವರೆಗೆ ಎಲ್ಲರನ್ನೂ ಕಣ್ಣಿನಲ್ಲೇ ಓಡಾಡಿಸುವ ಹೆಣ್ಣುಮಗಳು. ಬಾಗಿಲಲ್ಲಿ ಒದ್ದೆ ಸೀರೆ, ಬಾಲ್ಕನಿಯಲ್ಲಿ ಒದ್ದೆ ಬೆಡ್‌ಶೀಟು, ನಡುವೆ ಒದ್ದೆ ಭಾವ, ಮೂಲೆಯಲ್ಲಿ ಬಟ್ಟೆಯ ರಾಶಿ, ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿದಳು.

"ಭಾವ, ಐಸೇ ನಹೀ ಚಲೇಗಾ, ಹೀಗೆಲ್ಲ ನಡೆಯುವುದಿಲ್ಲ," ಎಂದಳು. "ಅಕ್ಕನ ಬಟ್ಟೆ ಬ್ಯಾಗಿಗೆ ಹಾಕಿ. ಪ್ಲಾಸ್ಟರ್ ತೆಗೆಯುವವರೆಗೆ ಅವಳು ನಮ್ಮಲ್ಲಿರಲಿ. ನೀವು ಒಬ್ಬರು ಹೇಗೂ ಮಾಡ್ಕೊಳ್ತೀರಿ."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಷ್ಟ. ತಪ್ಪಿದ್ದರೆ ಜಗಳವಾಡಬಹುದಿತ್ತು. ನಾನು ಕಪಾಟಿನ ಮೇಲಿಂದ ಬ್ಯಾಗ್ ಇಳಿಸಿ, ಅದರ ಧೂಳನ್ನು ಆದಷ್ಟು ನಿಧಾನವಾಗಿ ಒರೆಸತೊಡಗಿದೆ. ಮಗಳು ಕೆಲಸಕ್ಕೆಂದು ಪುಣೆಗೆ ಹೋದಮೇಲೆ ಈ ಮನೆಯಲ್ಲಿ ಮಾತು ಅಂತ ಇರುವುದು ಸುಮತಿಯದು ಮಾತ್ರ. ಅವಳು ಹೋದರೆ ಸಂಜೆ ಆಫೀಸಿನಿಂದ ಬಂದು ನಾನು ಬಾಗಿಲು ತೆಗೆದು ಯಾರಿಗೆ "ಬಂದೆ" ಎನ್ನಬೇಕು?

ಸುಮತಿ ಎದ್ದು ಹೋಗಿ ಮೆಷಿನಿನ ಮುಂದೆ ಸ್ಟೂಲ್ ಹಾಕಿ ಕೂತಳು.

"ಒಮ್ಮೆ ಹಾಕಿ ನೋಡುವ," ಎಂದಳು.

ಹಾಕಿದೆ. ದೀಪ, ಸಂಗೀತ, ಮೌನ.

"ಇನ್ನೊಮ್ಮೆ. ವಿನೋದಾ, ನೀನು ಸ್ವಲ್ಪ ಬಾಯಿ ಮುಚ್ಚು."

ನಾನು ಇನ್ನೊಮ್ಮೆ ಒತ್ತಿದೆ. ಅವಳು ಮೆಷಿನಿನ ಬಾಗಿಲಿಗೆ ಕಿವಿಯಿಟ್ಟಳು. ಎರಡನೆಯ ಕ್ಲಾಸಿನ ನಲವತ್ತು ಮಕ್ಕಳ ಗದ್ದಲದಲ್ಲಿ ಪಾಠ ಹೇಳದೆ ಪಿಸುಗುಟ್ಟುತ್ತಿರುವ ಒಂದು ಮಗುವನ್ನು ಹುಡುಕಿ ತೆಗೆಯುವ ಟೀಚರ್ ಅವಳು.

"ಟಕ್ ಅನ್ನಲಿಲ್ಲ," ಎಂದಳು.

"ಎಂತ ಟಕ್?"

"ಮೊದಲೆಲ್ಲ ಸ್ಟಾರ್ಟ್ ಒತ್ತಿದ ಕೂಡಲೇ ಒಳಗೆ ಟಕ್ ಅಂತ ಲಾಕ್ ಆಗ್ತಿತ್ತು. ಆಮೇಲೆ ನೀರು ಬರ್ತಿತ್ತು. ನಿಮಗೆ ಕೇಳಿದ ನೆನಪಿಲ್ವಾ?"

ನನಗೆ ನೆನಪಿರಲಿಲ್ಲ. ನಾನು ಆ ಮೆಷಿನಿನ ಪಕ್ಕದಲ್ಲೇ ನಿಂತು ವರ್ಷಗಟ್ಟಲೆ ಪೇಪರ್ ಓದಿದ್ದೇನೆ. ಅದು ನೀರು ತುಂಬಿಕೊಳ್ಳುವ ಮೊದಲು ಏನೋ ಹೇಳುತ್ತದೆಂದು ಅವಳು ಹೇಳಿದಾಗಲೇ ಗೊತ್ತಾದದ್ದು.

"ಬಾಗಿಲು ಹಾಕಿದೆ ಅಂತ ನಮಗೆ ಕಾಣ್ತದೆ. ಮೆಷಿನಿಗೆ ಅದು ಗೊತ್ತಾಗ್ಲಿಲ್ಲ. ಬಾಗಿಲು ತೆಗೆದಿದೆ ಅಂತ ಅದು ಕೂತಿದೆ, ಪಾಪ," ಎಂದು ಸುಮತಿ ಬಾಗಿಲನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದಳು. ಬಾಗಿಲಿನ ಕೊಕ್ಕೆ ಎದುರಿನ ತೂತಿಗೆ ಸರಿಯಾಗಿ ಹೋಗದೆ ಅದರ ಕೆಳಗಿನ ಅಂಚಿಗೆ ತಾಗುತ್ತಿತ್ತು. "ನೋಡಿ, ಜೋತು ಬಿದ್ದಿದೆ. ನಮ್ಮ ಶಾಲೆಯ ಸ್ಟಾಫ್ ರೂಮಿನ ಕಪಾಟೂ ಹೀಗೇ. ಎತ್ತಿ ಹಾಕದಿದ್ದರೆ ಮುಚ್ಚುವುದೇ ಇಲ್ಲ."

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಹೆಮ್ಮೆ. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಅವಚಿಕೊಂಡು, ಎಡ ಮೊಣಕಾಲನ್ನು ಬಾಗಿಲಿನ ಕೆಳಗೆ ಕೊಟ್ಟು ಕೂದಲೆಳೆಯಷ್ಟು ಎತ್ತಿದಳು. ಎಡಗೈಯಿಂದ ಒತ್ತಿದಳು. "ಈಗ ಸ್ಟಾರ್ಟ್ ಮಾಡಿ."

ಒತ್ತಿದೆ. ಟಕ್! ಹಿಂದೆಯೇ ಸುರ್ ಎಂದು ನೀರು. ನಾನು ಕೂಗಿದ ರಭಸಕ್ಕೆ, ಸೀರೆಯ ವಿಚಾರಣೆ ಮುಗಿಸದೆ ಬಾಗಿಲಲ್ಲೇ ನಿಂತಿದ್ದ ಸಾವಂತ್‌ಬಾಯಿ ಒಳಗೆ ಬಂದುಬಿಟ್ಟರು.

"ಸಾಕು, ನಿಲ್ಲಿಸಿ. ನೀರು ಇಳಿಯಲಿ. ಪ್ಲಗ್ ಕೀಳಿ. ದಿನಾ ಮೊಣಕಾಲು ಕೊಡ್ಲಿಕ್ಕೆ ಆಗ್ತದಾ?" ಎಂದು ಸುಮತಿ ಬಾಗಿಲಿನ ಬದಿಯ ಕೀಲಿನತ್ತ ಬೆರಳು ತೋರಿಸಿದಳು. ಅಲ್ಲಿನ ಸ್ಕ್ರೂಗಳು ಸಡಿಲಾಗಿದ್ದವು. ಅವಳು ಮೊಣಕಾಲಿನಿಂದ ಬಾಗಿಲನ್ನು ಎತ್ತಿ ಹಿಡಿದಳು. ವಿನೋದಾ ಮೊಬೈಲಿನ ಟಾರ್ಚ್ ಹಿಡಿದಳು. ಸ್ಕ್ರೂಡ್ರೈವರ್ ನನ್ನ ಕೈಗೆ ಬಂತು.

"ಬಲಕ್ಕೆ ತಿರುಗಿಸಿ. ಅದು ಎಡ, ಮಾರಾಯ್ರೇ. ನೀವು ಊಟ ಮಾಡುವ ಕೈ ಬಲ."

ಊಟದ ಲೆಕ್ಕ ಹಿಡಿದ ಮೇಲೆ ತಪ್ಪಾಗಲಿಲ್ಲ. ಬಿಗಿ ಮಾಡಿ ಮುಗಿಸಿದಾಗ ಬಾಗಿಲು ಯಾರ ಮೊಣಕಾಲಿನ ಹಂಗೂ ಇಲ್ಲದೆ ಮುಚ್ಚಿಕೊಂಡಿತು, ಟಕ್ ಎಂದಿತು, ಡ್ರಮ್ಮು ಗರಗರ ತಿರುಗಿತು. ಮೊದಲ ಮರ್ಯಾದೆಯಾಗಿ ಸಾವಂತ್‌ಬಾಯಿಯ ಸೀರೆಯನ್ನೇ ಒಳಗೆ ಹಾಕಿದೆವು. ಅವರು ಸುಮತಿಯ ಬೆನ್ನು ತಟ್ಟಿ "ವಾ ಬಾಯೀ!" ಎಂದು ಚಹಾ ಕುಡಿದು ಹೋದರು.

ವಿನೋದಾ ಧೂಳು ಒರೆಸಿದ ಬ್ಯಾಗನ್ನು ನೋಡಿದಳು, ಅಕ್ಕನನ್ನು ನೋಡಿದಳು. "ಹಾಗಾದ್ರೆ ನೀನು ಬರುವುದಿಲ್ಲ?"

"ನಿನ್ನಲ್ಲಿ ಕೈಗೆ ರೆಸ್ಟ್ ಸಿಗ್ತದೆ, ಕಿವಿಗೆ ಸಿಗುವುದಿಲ್ಲ," ಎಂದಳು ಸುಮತಿ. ಇಬ್ಬರೂ ನಕ್ಕರು. ತಂಗಿಯನ್ನು ಲಿಫ್ಟಿನವರೆಗೆ ಕಳಿಸಿ ಬಂದವಳು ನನ್ನತ್ತ ನೋಡದೆಯೇ, "ನೀವು ಬ್ಯಾಗ್ ಒರೆಸುವ ಸ್ಪೀಡ್ ನೋಡಿದೆ," ಎಂದಳು. ನಾನು ಬ್ಯಾಗನ್ನು ಬೇಗನೆ ಕಪಾಟಿನ ಮೇಲೆ ಹಾಕಿದೆ.

ಆಮೇಲೆ ಪ್ಲಾಸ್ಟರ್ ತೆಗೆದರು. ಈಚೆಗೆ ಒಂದು ಭಾನುವಾರ ಸುಮತಿ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಒಮ್ಮೆ ಸ್ಕ್ರೂ ತಿರುಗಿಸಿದ ಅನುಭವಸ್ಥನಲ್ಲವೇ, ನಾನು ಅಂಗಿಯ ತೋಳು ಮಡಚಿಕೊಂಡು ಹತ್ತಿರ ಹೋದೆ. "ಈಗ ನನಗೆ ಎರಡೂ ಕೈ ಉಂಟಲ್ಲ," ಎಂದಳು. ಮತ್ತೆ ನನ್ನ ಮುಖ ನೋಡಿ ಏನನ್ನಿಸಿತೋ, "ಸರಿ, ಈ ಸ್ಕ್ರೂ ಬೀಳದ ಹಾಗೆ ಹಿಡ್ಕೊಳ್ಳಿ," ಎಂದು ನಾಲ್ಕು ಸ್ಕ್ರೂಗಳನ್ನು ನನ್ನ ಅಂಗೈಗೆ ಹಾಕಿದಳು. ನಾನು ಬಹಳ ಜವಾಬ್ದಾರಿಯಿಂದ, ಉಸಿರು ಬಿಗಿಹಿಡಿದು ನಿಂತೆ. ಅವಳು ವಾಪಸು ಕೇಳಿದಾಗ ಮೂರಿದ್ದವು.