ಆವುಲಪ್ಪ ಮದರ್‌ಬೋರ್ಡು ತಂದದ್ದು

ಬೆಳಗ್ಗೆ ಕರೆಂಟು ಹೋಗಿ ಬಂದ ರಭಸಕ್ಕೆ ಹೊಸೂರಿನ ಆ ಗಿಯರ್ ಕಾರ್ಖಾನೆಯ ಒಂದೇ ಒಂದು ಕಂಪ್ಯೂಟರಿನ ಮದರ್‌ಬೋರ್ಡು ಸುಟ್ಟುಹೋಯಿತು. ಮರುದಿನವೇ ಕೊಯಮತ್ತೂರಿನ ಯಜಮಾನರು ಆ ಕಂಪ್ಯೂಟರನ್ನು ನೋಡಲೆಂದು ಬರುವವರಿದ್ದರು. ಮ್ಯಾನೇಜರ್ ಜಯರಾಮಯ್ಯನವರು ಸ್ಟೋರಿನ ಗುಮಾಸ್ತ ಆವುಲಪ್ಪನನ್ನು ಕರೆಸಿದರು.

“ಶಾಫ್ಟಿಗೆ ಬೇರಿಂಗು ಹೊಂದಿಸಿ ತರೋನು ನೀನೇ ತಾನೆ? ಹಂಗೇ ಬೆಂಗಳೂರಿಂದ ಹೊಸ ಬೋರ್ಡೂ ಅದಕ್ಕೆ ಹೊಂದೋ ಮೆಮೊರಿ ಚಿಪ್ಪೂ ತರಬೇಕು, ಅಷ್ಟೆ. ಸಂಜೆಯೊಳಗೆ ಕಂಪ್ಯೂಟರು ಓಡಿದ್ರೆ ನಿನ್ನ ಕಾಯಂ ಆರ್ಡರಿಗೆ ಸಹಿ ಹಾಕ್ತೀನಿ.”

ಆರು ವರ್ಷದಿಂದ ಆವುಲಪ್ಪ ಟೆಂಪರರಿ. ಹಬ್ಬಕ್ಕೆ ಉದ್ದನಪಲ್ಲಿಗೆ ಹೋದಾಗಲೆಲ್ಲ ಹೆಂಡತಿ ಕೊಂಡಮ್ಮನ ಅಣ್ಣಂದಿರು ಊಟಕ್ಕೆ ಬಡಿಸುವ ಮೊದಲು ಕೇಳುತ್ತಿದ್ದದ್ದು ಅದೊಂದೇ ಪ್ರಶ್ನೆ. ಅವನು ಸಿಕ್ಕಿದ ಮೊದಲ ಬಸ್ಸಿಗೇ ಬೆಂಗಳೂರಿಗೆ ಹೊರಟ.

ಅದಕ್ಕೆ ಸರಿಯಾಗಿ ಸಲಹೆಗಳ ಕಾಟ. ಲೇತಿನ ವೆಂಕಟೇಶಪ್ಪ ಗೇಟಿನ ತನಕ ಬಂದು, ಒಂದು ಸಾಲಿಗೆ ಎಂಟು ಚಿಪ್ಪು ಸಾಕು, ಒಂಬತ್ತು ಅಂದರೆ ಅಂಗಡಿಯವನ ಮೋಸ ಎಂದು ಪ್ರಮಾಣ ಮಾಡಿ ಹೇಳಿದ್ದ. ಬೆಂಗಳೂರಿನ ಅಂಗಡಿಯವನು ಒಂಬತ್ತು ಅಂದೇಬಿಟ್ಟ. ಎಂಟು ಕೆಲಸ ಮಾಡುತ್ತವೆ, ಒಂಬತ್ತನೆಯದು ಅವು ತಪ್ಪು ಮಾಡುತ್ತವೆಯೇ ಎಂದು ನೋಡುತ್ತದೆ ಎಂದು ವಿವರಿಸಿದ. ಕಾರ್ಖಾನೆಯಲ್ಲಿ ಬೆಳೆದ ಆವುಲಪ್ಪನಿಗೆ ಅದು ತಕ್ಷಣ ಅರ್ಥವಾಯಿತು. ನಾಲ್ಕು ಸಾಲು, ಮೂವತ್ತಾರು ಚಿಪ್ಪು. ಎಲ್ಲದರ ವೇಗವೂ ಒಂದೇ ಇರಬೇಕು ಎಂದಾಗ ಒಂದೊಂದರ ಬೆನ್ನಿನ ಮೇಲಿನ ನಂಬರನ್ನೂ ತಾನೇ ಓದಿದ. ಬೋರ್ಡಿಗೆ ಕೂಡಿಸಿ ಓಡಿಸಿ ತೋರಿಸಿ ಎಂದು ಹಟ ಹಿಡಿದ. ಓಡಿತು. ಇನ್ನೊಂದು ಸಲ ಅಂದ. ಅಂಗಡಿಯವನು ಬೈದುಕೊಂಡೇ ತೋರಿಸಿ, ಚಿಪ್ಪುಗಳನ್ನು ಬಿಚ್ಚಿ ಬೇರೆ ಪೊಟ್ಟಣ ಕಟ್ಟಿ ಬೋರ್ಡಿನ ಡಬ್ಬಿಯಲ್ಲೇ ಇಟ್ಟುಕೊಟ್ಟ.

ವಾಪಸು ಬರುವಾಗ ಡಬ್ಬಿ ಅವನ ತೊಡೆಯ ಮೇಲೆ ಹಸುಗೂಸಿನಂತೆ ಮಲಗಿತ್ತು. ಅತ್ತಿಬೆಲೆಯಲ್ಲಿ ಹತ್ತಿದ ಹೆಂಗಸೊಬ್ಬಳು ಅದರ ಮೇಲೆ ಕೊತ್ತಂಬರಿ ಮೂಟೆ ಇಳಿಸಲು ನೋಡಿದಳು. ಆವುಲಪ್ಪ ಎದ್ದು ತನ್ನ ಸೀಟನ್ನು ಮೂಟೆಗೇ ಬಿಟ್ಟುಕೊಟ್ಟ. ಜೂಜುವಾಡಿಯ ಚೆಕ್‌ಪೋಸ್ಟಿನಲ್ಲಿ ತಮಿಳುನಾಡಿನ ಅಧಿಕಾರಿ ಡಬ್ಬಿ ಬಿಚ್ಚಿಸಿದ, ಇದೇನು ರೇಡಿಯೋನಾ ಎಂದ, ಬಿಲ್ಲನ್ನು ತಲೆಕೆಳಗು ಹಿಡಿದು ಓದಿದ. ಅಷ್ಟರಲ್ಲಿ ಬಸ್ಸು ಹೊರಟುಹೋಯಿತು. ಮುಂದಿನ ದಾರಿಯೆಲ್ಲ ಲಾರಿಯಲ್ಲಿ ನಿಂತೇ ಬಂದ.

ಕಾರ್ಖಾನೆ ಮುಟ್ಟಿದಾಗ ಐದು ಗಂಟೆ. ಪುಣ್ಯಾತ್ಮ ನೆಟ್ಟಗೆ ಕಂಪ್ಯೂಟರಿನ ಕೋಣೆಗೆ ಹೋಗಬೇಕೋ ಬೇಡವೋ? ಆರು ವರ್ಷದ ರೂಢಿ ನೋಡಿ, ಕೈ ತಾನಾಗಿಯೇ ಡಬ್ಬಿಯನ್ನು ಇನ್‌ಸ್ಪೆಕ್ಷನ್ ಮೇಜಿನ ಮೇಲಿಟ್ಟು ರಿಜಿಸ್ಟರಿನಲ್ಲಿ ಬರೆಯಿತು. ಜಯರಾಮಯ್ಯ ಸಾಹೇಬರಿಗೆ ಸುದ್ದಿ ಮುಟ್ಟಿಸಲು ಓಡಿದ. ಅವರು ನಗುತ್ತಾ ಖಾನೆಯಿಂದ ಆರ್ಡರು ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

ಆಗ ಕೇಳಿಸಿತು ಸುತ್ತಿಗೆಯ ಸದ್ದು. ದಿನವೂ ಕೇಳುವ ಠಣ್ ಅಲ್ಲ, ಟಕ್.

ಆವುಲಪ್ಪ ಓಡಿ ಬಂದು ನೋಡುತ್ತಾನೆ, ಮೂವತ್ತಾರು ಚಿಪ್ಪುಗಳೂ ತುಕ್ಕು ತಡೆಯುವ ಎಣ್ಣೆಯ ತಟ್ಟೆಯಲ್ಲಿ ಮುಳುಗಿವೆ. ಇನ್‌ಸ್ಪೆಕ್ಟರ್ ಚಿನ್ನಸ್ವಾಮಿ ಉಕ್ಕಿನ ಅಚ್ಚು ಹಿಡಿದು ಬೋರ್ಡಿನ ನಟ್ಟನಡುವೆ ಕಾರ್ಖಾನೆಯ ನಂಬರು ಹೊಡೆಯುತ್ತಿದ್ದಾನೆ. ಗಿಯರಾಗಲಿ ಬೇರಿಂಗಾಗಲಿ, ಒಳಗೆ ಬಂದ ಪ್ರತಿ ಸಾಮಾನಿಗೂ ಅಲ್ಲಿ ಆಗುವ ಸಂಸ್ಕಾರವೇ ಅದು.

“ಬೋ ತೆಳು ಸಾಮಾನು ತಂದಿದ್ದೀಯ ಕಣ್ಲಾ,” ಎಂದ ಚಿನ್ನಸ್ವಾಮಿ. “ಮೂರ್ನೇ ಅಂಕಿಗೇ ಸೀಳ್ಬುಡ್ತು. ಆದ್ರೂ ಬಿಡ್ನಿಲ್ಲ, ಐದೂ ಹೊಡ್ದಿವ್ನಿ.”

ಆವುಲಪ್ಪನ ಹಿಂದೆಯೇ ಬಂದ ಜಯರಾಮಯ್ಯನವರು ಚಿನ್ನಸ್ವಾಮಿಗೆ ಉಗಿಯಲು ಬಾಯಿ ತೆರೆದರು. ಅವನು ಬೆರಳಿನಿಂದ ಗೋಡೆಯನ್ನು ತೋರಿಸಿದ. ನಂಬರು ಹೊಡೆಯದೆ ಯಾವ ಸಾಮಾನನ್ನೂ ಒಳಗೆ ಬಿಡಕೂಡದು ಎಂಬ ಸುತ್ತೋಲೆ, ಕೆಳಗೆ ಜಯರಾಮಯ್ಯನವರ ಸಹಿ.

ಸಾಹೇಬರು ತಮ್ಮ ಸಹಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಚಿನ್ನಸ್ವಾಮಿಯ ಬೆನ್ನು ತಟ್ಟಿದರು. ಆಮೇಲೆ ಕೈಯಲ್ಲಿದ್ದ ಆರ್ಡರನ್ನು ಮಡಿಸಿ ಜೇಬಿಗಿಟ್ಟುಕೊಂಡು ಆವುಲಪ್ಪನ ಕಡೆ ತಿರುಗಿದರು.

“ತಪ್ಪು ನಿನ್ನದೇ ಕಣಪ್ಪಾ. ನಾಳೆ ಮೊದಲ ಬಸ್ಸಿಗೆ ಹೋಗಿ ಬದಲಾಯಿಸ್ಕೊಂಡು ಬಾ. ಚಿಪ್ಪಿಗೆ ಹೊಂದೋದು ಆಮೇಲಿರಲಿ, ಮೊದಲು ನಮ್ಮ ಸುತ್ತಿಗೆಗೆ ಹೊಂದೋ ಬೋರ್ಡು ಕೇಳು.”