ಕಬ್ಬಿಣದ ಸೇತುವೆಯ ಕಾವಲುಗಾರರಿಗೆ ಒಬ್ಬ ಗಣಿತ ಮಾಸ್ತರನ ಅಹವಾಲು

ಮಾನ್ಯರೇ,

ಮೊಬೈಲಿನ ಆಟವೊಂದರ ಆರನೆಯ ಹಂತದಲ್ಲಿ, ಸಂಬಳವಿಲ್ಲದೆ, ರಜೆ ಕೇಳದೆ, ವರ್ಗಾವಣೆಗೆ ಯಾರ ಕಾಲನ್ನೂ ಹಿಡಿಯದೆ, ಕಬ್ಬಿಣದ ಸೇತುವೆಯ ಬಾಗಿಲಿಗೆ ಈಟಿ ಅಡ್ಡ ಹಿಡಿದು ನಿಂತಿರುವ ತಮ್ಮ ಘನ ಸನ್ನಿಧಾನಕ್ಕೆ, ಮಸ್ಕಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಕಲಿಸುತ್ತಿರುವ, ಅಥವಾ ಕಲಿಸುತ್ತಿದ್ದೇನೆಂದು ಇಂದು ಮಧ್ಯಾಹ್ನ ಊಟದ ತನಕ ನಂಬಿಕೊಂಡಿದ್ದ ಮಲ್ಲೇಶ ಎಂಬ ನಾನು ತಲೆಬಾಗಿ ಮಾಡುವ ನಮಸ್ಕಾರಗಳು. ತಮ್ಮ ಈಟಿಯ ಮೊನೆ ಚೂಪಾಗಿಯೇ ಇದೆಯೆಂದು ನಂಬಿದ್ದೇನೆ. ಅದರ ಅನುಭವ ನನಗಾಗಿದೆ.

ನನ್ನ ಪರಿಚಯವನ್ನು ಇನ್ನೂ ಸ್ವಲ್ಪ ಹೇಳಿಕೊಳ್ಳುವುದು ಅಗತ್ಯ, ಏಕೆಂದರೆ ಎಷ್ಟು ಎತ್ತರದಿಂದ ಬಿದ್ದೆನೆಂಬುದು ತಮಗೆ ತಿಳಿಯಬೇಕು. ಲಿಂಗಸುಗೂರಿನಲ್ಲಿ ಶಿಕ್ಷಕರ ತರಬೇತಿ ನಡೆದಾಗಲೆಲ್ಲ ‘ವಯಸ್ಸಿನ ಲೆಕ್ಕಗಳನ್ನು ಸುಲಭವಾಗಿ ಬಿಡಿಸುವ ಬಗೆ’ ಎಂಬ ವಿಷಯದ ಮೇಲೆ ಒಂದೂವರೆ ತಾಸು ಮಾತಾಡುವವನು ನಾನೇ. ಸಿಂಧನೂರಿನ ಕಡೆಯಿಂದಲೂ ಮಾಸ್ತರರು ಬಂದು ಬರೆದುಕೊಂಡು ಹೋಗುತ್ತಾರೆ. ‘ದುಪ್ಪಟ್ಟು’ ಎಂದು ಕಂಡರೆ ಎರಡು ಎಕ್ಸ್ ಬರೆಯಿರಿ, ‘ಒಟ್ಟು’ ಎಂದು ಕಂಡರೆ ಕೂಡಿಸಿರಿ, ಪೂರ್ತಿ ಓದಿ ತಲೆ ಕೆಡಿಸಿಕೊಳ್ಳಬೇಡಿರಿ ಎಂಬುದು ನನ್ನ ಉಪದೇಶದ ಸಾರ. ಕೊನೆಯ ಮಾತಿಗೆ ಪ್ರತಿ ಸಲವೂ ಚಪ್ಪಾಳೆ ಬೀಳುತ್ತಿತ್ತು.

ನನಗೊಬ್ಬಳು ಮಗಳಿದ್ದಾಳೆ, ಸಂಘಮಿತ್ರಾ, ಹತ್ತನೆಯ ತರಗತಿ, ನನ್ನದೇ ಶಾಲೆ, ನನ್ನದೇ ಕ್ಲಾಸು. ಎರಡು ತಿಂಗಳ ಹಿಂದಿನ ಕಿರುಪರೀಕ್ಷೆಯಲ್ಲಿ ನಾಲ್ಕು ಅಂಕದ ಒಂದು ವಯಸ್ಸಿನ ಲೆಕ್ಕವನ್ನು ಅವಳು ‘ಎಕ್ಸ್ ಎಂದಿರಲಿ’ ಎಂಬ ಮಂಗಳಾಚರಣೆಯೇ ಇಲ್ಲದೆ ಎರಡು ಗೆರೆ ಎಳೆದು ಬಿಡಿಸಿದ್ದಳು. ಉತ್ತರ ಸರಿಯಾಗಿತ್ತು, ನಾನು ಸೊನ್ನೆ ಕೊಟ್ಟೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಮಾಸ್ತರ ಎನ್ನಿಸಿಕೊಳ್ಳುತ್ತಿದ್ದೆನೆ? ಆ ಪತ್ರಿಕೆಯನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿ, “ದೀಪದ ಬುಡಕ್ಕ ಕತ್ತಲ ಅಂದ್ರ ಇದ ನೋಡ್ರಿ, ಇದು ನಮ್ಮನಿ ದೀಪ” ಎಂದೆ. ಮಕ್ಕಳು ನಕ್ಕರು. ನನಗೆ ಒಳಗೊಳಗೆ ಖುಷಿಯೂ ಆಯಿತು, ನಾಚಿಕೆಗೇಡಿ ನಾನು, ಸುಳ್ಳು ಏಕೆ ಹೇಳಲಿ.

ಅಂದಿನಿಂದ ಅವಳು ಮನೆಯಲ್ಲೂ ನನ್ನನ್ನು ಸರ್ ಎಂದೇ ಕರೆಯುತ್ತಾಳೆ. “ಸರ್, ಇನ್ನೊಂದು ರೊಟ್ಟಿ ಹಾಕ್ಲೇನ್ರಿ”, “ಸರ್, ನಿಮ್ಮ ಗಾಡಿ ಕೀಲಿ ಇಲ್ಲೈತ್ರಿ.” ಸಿಟ್ಟಿಲ್ಲ, ಅಳುವಿಲ್ಲ, ಹಾಜರಿ ಕೂಗಿದಾಗ ಉತ್ತರಿಸುವ ದನಿ ಅಷ್ಟೇ. ಮಾನ್ಯರೇ, ತಮಗೆ ಮಕ್ಕಳಿಲ್ಲ, ಈಟಿ ಮಾತ್ರ ಇದೆ. ಸ್ವಂತ ಮಗಳಿಂದ ಅಷ್ಟು ಮರ್ಯಾದೆ ಪಡೆಯುವುದು ಎಂಥ ಶಿಕ್ಷೆಯೆಂದು ತಮಗೆ ಹೇಗೆ ಬರೆದು ತಿಳಿಸಲಿ?

ಇಂತಿರಲು ಈ ದಿನ ಐತವಾರ, ಊಟವಾದ ಮೇಲೆ, ಅವಳು ಮೊಬೈಲು ಹಿಡಿದು ತಾನಾಗಿ ಬಂದು, “ಸರ್, ಇದೊಂದು ಲೆಕ್ಕ ಐತ್ರಿ” ಎಂದಳು. ಆಡುವವರೇ ಒಂದು ಪಾತ್ರವಾಗಿ ಊರೂರು ಅಲೆಯುವ ತಮ್ಮ ಆಟದಲ್ಲಿ ಅವಳು ಕತ್ತಿ ಹಿಡಿದ ವೀರವನಿತೆಯೆಂದೂ, ಜೊತೆಗೆ ಒಬ್ಬ ಬಿಲ್ಲುಗಾರ, ಒಬ್ಬ ಮದ್ದು ಕೊಡುವ ಮುದುಕಿ, ಗಂಟು ಹೊರುವ ಒಂದು ಕತ್ತೆ ಇವೆಯೆಂದೂ, ತಪ್ಪು ಉತ್ತರ ಕೊಟ್ಟಾಗಲೆಲ್ಲ ತಾವು ಒಬ್ಬೊಬ್ಬರನ್ನೇ ಕಲ್ಲು ಮಾಡುವಿರೆಂದೂ ಅವಳಿಂದ ತಿಳಿಯಿತು. ಎರಡು ತಿಂಗಳಲ್ಲಿ ಅವಳು ನನ್ನ ಹತ್ತಿರ ಅಷ್ಟು ಹೊತ್ತು ಕುಳಿತದ್ದು ಅದೇ ಮೊದಲು. ಆಟ ಹಾಳಾಗಿ ಹೋಗಲಿ, ಈ ಲೆಕ್ಕ ಒಂದು ಬಿಡಿಸಿಕೊಟ್ಟರೆ ಮಗಳು ಸಿಕ್ಕಾಳು ಎಂದು ಅಂಗಿಯ ತೋಳು ಮಡಚಿದೆ.

ತಮ್ಮ ಒಗಟು ಹೀಗಿತ್ತು: ರಾಣಿಗೂ ಅವಳ ತಂಗಿಗೂ ಈಗ ಒಟ್ಟು ಎಂಬತ್ತನಾಲ್ಕು ವರ್ಷ. ತಂಗಿಗೆ ಈಗ ಎಷ್ಟು ವಯಸ್ಸೋ ಅಷ್ಟೇ ವಯಸ್ಸು ರಾಣಿಗೆ ಇದ್ದ ಕಾಲದಲ್ಲಿ ತಂಗಿಗೆ ಎಷ್ಟಿತ್ತೋ, ರಾಣಿಗೆ ಈಗ ಅದರ ದುಪ್ಪಟ್ಟು. ಇಬ್ಬರ ವಯಸ್ಸೆಷ್ಟು?

ನನಗೆ ಕಂಡದ್ದು ‘ಒಟ್ಟು’ ಮತ್ತು ‘ದುಪ್ಪಟ್ಟು’. ತಂಗಿ ಎಕ್ಸ್, ರಾಣಿ ಎರಡು ಎಕ್ಸ್, ಮೂರು ಎಕ್ಸ್ ಅಂದರೆ ಎಂಬತ್ತನಾಲ್ಕು, ರಾಣಿಗೆ ಐವತ್ತಾರು, ತಂಗಿಗೆ ಇಪ್ಪತ್ತೆಂಟು. ಶೇಷವಿಲ್ಲದೆ ಭಾಗವಾದ ಲೆಕ್ಕ ತಪ್ಪಾಗುವುದುಂಟೆ? “ಹೊಡಿ” ಎಂದೆ. ಅವಳು ಹೊಡೆದಳು. ಬಿಲ್ಲುಗಾರ ಕಲ್ಲಾದ.

ಎರಡನೆಯ ಸಲ ಪೂರ್ತಿ ಓದಿದೆ, ನನ್ನ ಉಪದೇಶಕ್ಕೆ ವಿರುದ್ಧವಾಗಿ. ರಾಣಿಗೆ ಎಕ್ಸ್, ತಂಗಿಗೆ ವೈ, ಹಿಂದಿನ ತಂಗಿಗೆ ಜಡ್. ಹಿಂದಿನ ಕಾಲಕ್ಕೆ ಹೋಗಲು ರಾಣಿ ಕಳೆದುಕೊಂಡ ವರ್ಷಗಳಿಗೆ ಒಂದು ಅಕ್ಷರ, ತಂಗಿ ಕಳೆದುಕೊಂಡ ವರ್ಷಗಳಿಗೆ ಇನ್ನೊಂದು ಅಕ್ಷರ! ಐದು ಅಕ್ಷರಗಳು ಸೇರಿ ಕ್ಯಾಲೆಂಡರಿನ ಹಿಂಬದಿ ತುಂಬಿದವೇ ಹೊರತು ಒಂದೂ ಬಿಡಿಸಿಕೊಳ್ಳಲಿಲ್ಲ. ಕಡೆಗೆ ಐವತ್ತನಾಲ್ಕು, ಮೂವತ್ತು ಎಂದು ಅಂದಾಜಿನ ಗುಂಡು ಹೊಡೆದೆ. ಮದ್ದಿನ ಮುದುಕಿಯೂ ಕಲ್ಲಾದಳು. ಇನ್ನು ಕತ್ತೆಯೊಂದೇ ಉಳಿದಿದೆ ಎಂದು ಮಗಳು ಹೇಳಿದಾಗ ಅವಳು ಮೊಬೈಲು ನೋಡುತ್ತಿದ್ದಳೋ ನನ್ನನ್ನೋ, ನಾನು ವಿಚಾರಿಸಲಿಲ್ಲ.

ಒಂದೇ ಕಾಲ ಅಕ್ಕನಿಗೊಂದು ವೇಗ, ತಂಗಿಗೊಂದು ವೇಗದಲ್ಲಿ ಓಡುತ್ತದೆಂದು ಗಣಿತದ ಮಾಸ್ತರನೊಬ್ಬ ನಂಬಿದ್ದು ಹೇಗೆಂದು ತಾವು ಕೇಳಬಹುದು. ನಮ್ಮ ಕಡೆ ಅದು ದೊಡ್ಡ ವಿಷಯವಲ್ಲ. ನನ್ನನ್ನು ಬಗಲಲ್ಲಿ ಎತ್ತಿಕೊಂಡು ತಿರುಗಿದ ನನ್ನಕ್ಕ ಕಸ್ತೂರೆಮ್ಮ, ಈಗ ಗುರುಗುಂಟಾದಲ್ಲಿರುವವಳು, ದಾಖಲೆಯ ಪ್ರಕಾರ ನನಗಿಂತ ಎರಡು ವರ್ಷ ಸಣ್ಣವಳು. ಆಗ ಶಾಲೆಗೆ ಹೋದರೆ ಹೆಡ್‌ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಕಿವಿ ಸಿಕ್ಕರೆ ಆರು ವರ್ಷ ತುಂಬಿದವೆಂದು ಬರೆದು, ಜೂನ್ ಒಂದು ಎಂದು ಹುಟ್ಟಿದ ದಿನವನ್ನೂ ದಯಪಾಲಿಸುತ್ತಿದ್ದರು. ನನ್ನ ಕಿವಿ ಮೊದಲು ಸಿಕ್ಕಿತು. ಅಕ್ಕ ಮನೆಗೆಲಸ ಮುಗಿಸಿ ನನ್ನ ಹಿಂದೆ ಎರಡು ವರ್ಷಕ್ಕೆ ಬಂದಳು, ಹನ್ನೆರಡು ವರ್ಷದ ಅವಳಿಗೂ ಆರೇ ಬರೆದರು. ಅಂಥ ಕಾಗದಗಳ ನಡುವೆ ಬೆಳೆದವನು ನಾನು. ಇದು ಕ್ಷಮೆಗೆ ಸಾಕಾಗುವ ಕಾರಣವಲ್ಲ, ಆದರೂ ಇರಲಿ ಎಂದು ಬರೆದೆ.

ಬಾಗಿಲ ಹತ್ತಿರ ತೊಗರಿ ಹಸನು ಮಾಡುತ್ತಿದ್ದ ನಮ್ಮವ್ವ ಗದ್ದೆಮ್ಮ, ಶಾಲೆಯ ಮೆಟ್ಟಿಲು ಹತ್ತದವಳು, ಮೊರವನ್ನು ಕೆಳಗಿಟ್ಟು ಹೇಳಿದಳು: “ಅಲ್ಲೋ ಮಲ್ಲ್ಯಾ, ಕಾಗದದಾಗ ಹೆಂಗರ ಬರಕೊಳ್ರಿ. ಕಸ್ತೂರಿ ನಿನಗಿಂತ ನಾಕು ವರ್ಷಕ್ಕ ದೊಡ್ಡಾಕಿ. ಅವತ್ತೂ ನಾಕು, ಇವತ್ತೂ ನಾಕು, ನಾಳೆ ನಾ ಸತ್ತರೂ ನಾಕು. ರಾಣಿ ಆದ್ರೇನು, ಆಕಿಗೂ ಹಂಗ ಅಲ್ಲೇನು?”

ಆಗ ಸಂಘಮಿತ್ರಾ ನೋಟಬುಕ್ಕಿನ ಕೊನೆಯ ಹಾಳೆ ತಿರುವಿದಳು. ಅಲ್ಲಿ ಗೆರೆಗಳಿದ್ದವು. ಅಕ್ಕ ತಂಗಿಯರ ನಡುವಿನ ಅಂತರ ಒಂದು ಗೆರೆ. ರಾಣಿ ಅಷ್ಟು ಹಿಂದಕ್ಕೆ ಹೋದರೆ ತಂಗಿಯೂ ಅಷ್ಟೇ ಹಿಂದಕ್ಕೆ, ಆದ್ದರಿಂದ ಹಿಂದಿನ ತಂಗಿಗೂ ಈಗಿನ ರಾಣಿಗೂ ನಡುವೆ ಎರಡು ಗೆರೆ. ಈಗಿನ ರಾಣಿ ಹಿಂದಿನ ತಂಗಿಯ ದುಪ್ಪಟ್ಟು ಎಂದಮೇಲೆ ಹಿಂದಿನ ತಂಗಿಯೇ ಎರಡು ಗೆರೆ, ಈಗಿನ ತಂಗಿ ಮೂರು, ರಾಣಿ ನಾಲ್ಕು. ಒಟ್ಟು ಏಳು ಗೆರೆಗೆ ಎಂಬತ್ತನಾಲ್ಕು, ಒಂದಕ್ಕೆ ಹನ್ನೆರಡು. ರಾಣಿಗೆ ನಲವತ್ತೆಂಟು, ತಂಗಿಗೆ ಮೂವತ್ತಾರು. ಅವಳ ಗೆರೆಯೇ ನನ್ನ ಎಕ್ಸ್ ಆಗಿತ್ತು, ಅವಳು ಅದಕ್ಕೆ ಹೆಸರಿಟ್ಟಿರಲಿಲ್ಲ ಅಷ್ಟೇ. ಎಲ್ಲವೂ ನಾನು ತೋಳು ಮಡಚುವುದಕ್ಕಿಂತ ಮೊದಲೇ ಬರೆದದ್ದು.

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. “ನನ್ನ ದಾರಿ ತಪ್ಪು ಅಂದಿದ್ರೆಲ್ರೀ ಸರ್. ಅದಕ್ಕ ಹೊಡೀಲಿಲ್ರಿ” ಎಂದಳು. ಮಾನ್ಯರೇ, ತಾವು ಕಲ್ಲು ಮಾಡಿದ್ದು ಇಬ್ಬರನ್ನು ಮಾತ್ರ. ನಾನು ಎರಡು ತಿಂಗಳ ಹಿಂದೆಯೇ ಏನು ಮಾಡಿಟ್ಟಿದ್ದೆನೆಂದು ಆಗ ತಿಳಿಯಿತು.

ಅವಳ ಉತ್ತರಕ್ಕೆ ತಾವು ಈಟಿ ಸರಿಸಿ ದಾರಿ ಬಿಟ್ಟಿರಿ. ಎಂಥ ಔದಾರ್ಯ ತಮ್ಮದು! ಎಕ್ಸ್ ಎಲ್ಲಿ ಎಂದು ಕೇಳಲಿಲ್ಲ, ಹಂತಗಳನ್ನು ಬರೆದಿಲ್ಲವೆಂದು ಅಂಕ ಕಳೆಯಲಿಲ್ಲ, ನಿಮ್ಮಪ್ಪ ಏನು ಕೆಲಸ ಮಾಡುತ್ತಾನೆ ಎಂದೂ ಕೇಳಲಿಲ್ಲ. ಇಂಥ ಅಧಿಕಾರಿ ಆಟದೊಳಗೆ ಕೊಳೆಯುವುದು ನಾಡಿಗೆ ನಷ್ಟ. ಆದಕಾರಣ ತಾವು ಕೂಡಲೇ ನಮ್ಮ ಭಾಗಕ್ಕೆ ವರ್ಗವಾಗಿ ಬಂದು, ಮುಂದಿನ ತರಬೇತಿಯಲ್ಲಿ ನಾನು ಬಾಯಿ ತೆರೆದೊಡನೆ ಈಟಿ ಅಡ್ಡ ಹಿಡಿಯಬೇಕು. ನಮ್ಮಕ್ಕನ ಎರಡು ವರ್ಷ ಮತ್ತು ನಾಲ್ಕು ವರ್ಷಗಳನ್ನು ಕೂಡಿಸಿ ಅವಳಿಗೆ ಹಿರಿತನ ವಾಪಸು ಕೊಡಿಸಬೇಕು. ಮತ್ತು ಸಾಧ್ಯವಿದ್ದರೆ ನಾಳೆ ಸೋಮವಾರ ನನ್ನನ್ನು ಒಂದು ತಾಸಿನ ಮಟ್ಟಿಗೆ ಕಲ್ಲು ಮಾಡಬೇಕು.

ಏಕೆಂದರೆ ಆ ಹಳೆಯ ಪತ್ರಿಕೆ ತರಿಸಿ, ಸೊನ್ನೆ ಹೊಡೆದುಹಾಕಿ ನಾಲ್ಕು ಬರೆದುಕೊಟ್ಟೆ. ಅವಳು ಮುಟ್ಟಲಿಲ್ಲ. “ಅಂಕ ಬ್ಯಾಡ್ರಿ. ಎಲ್ಲಿ ಅಂದಿದ್ರೋ ಅಲ್ಲೇ ಅನ್ರಿ” ಎಂದಳು. ಐವತ್ತೆರಡು ಮಕ್ಕಳೆದುರು, ನಾಳೆ ಎರಡನೆಯ ಪಿರಿಯಡ್ಡಿನಲ್ಲಿ. ತಮ್ಮ ಒಗಟಿಗಿಂತ ಇದು ಕಠಿಣ, ಆದರೆ ಇದರ ಉತ್ತರ ನನಗೆ ಗೊತ್ತಿದೆ.

ಸೇತುವೆಯ ಈಚೆ ದಡದಲ್ಲಿ ಕತ್ತೆಯ ಜೊತೆ ನಿಂತಿರುವ
ತಮ್ಮ ವಿಶ್ವಾಸಿ,
ಮಲ್ಲೇಶ
ಗಣಿತ ಶಿಕ್ಷಕ, ಮಸ್ಕಿ

ತಾ.ಕ.: ಸೋಮವಾರ ಸಂಜೆ ಬರೆಯುತ್ತಿರುವುದು. ತಾವು ಬರಲಿಲ್ಲ, ನಾನೇ ನಿಂತು ಹೇಳಿದೆ. ನನ್ನ ಮಗಳ ದಾರಿ ಸರಿಯಿತ್ತು, ನನ್ನ ಸೊನ್ನೆ ತಪ್ಪಿತ್ತು, ಅವಳನ್ನು ನಗೆಗೀಡು ಮಾಡಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂದೆ. ಯಾರೂ ನಗಲಿಲ್ಲ. ಶಾಹೀಸ್ತಾ ಎಂಬ ಹುಡುಗಿ ಎದ್ದು, “ಸರ್, ಹಂಗಾರ ನಂದೂ ನೋಡ್ರಿ, ನಾನೂ ಗೆರಿ ಹಾಕೇ ಮಾಡಿದ್ದೆ” ಎಂದಳು. ಅವಳ ಹಿಂದೆ ಹತ್ತು ಕೈಗಳು ಎದ್ದವು. ಹನ್ನೊಂದು ಪತ್ರಿಕೆಗಳನ್ನೂ ಮನೆಗೆ ತಂದಿದ್ದೇನೆ. ಸಂಘಮಿತ್ರಾ ಎದುರಿಗೆ ಕುಳಿತು ತಿದ್ದುತ್ತಿದ್ದಾಳೆ, “ಮುಂದಿಂದು ಕೊಡು” ಎನ್ನುತ್ತಾಳೆ, ನಾನು ಕೊಡುತ್ತಿದ್ದೇನೆ. ಇಲ್ಲಿಯ ತನಕ ಏಳು ನೋಡಿದ್ದೇವೆ, ಏಳೂ ಸರಿ ಇವೆ. ಇಪ್ಪತ್ತೆರಡು ವರ್ಷದ ಹಳೆಯ ಪತ್ರಿಕೆಗಳೆಲ್ಲ ರದ್ದಿಗೆ ಹೋಗಿವೆ. ಅವುಗಳಲ್ಲಿ ಎಷ್ಟು ಸರಿ ಇದ್ದವೆಂದು ತಮಗೆ ಲೆಕ್ಕ ಬಂದರೆ, ದಯಮಾಡಿ ನನಗೆ ತಿಳಿಸಬೇಡಿ.