ಮಟ್ಟೆ ರಾಶಿಯ ಹಿಮಾಲಯ

ಭೀಮರಾಜುವಿನ ತಲೆನೋವು ಶುರುವಾಗಿದ್ದು, ಇವತ್ತು ನೋಡಲಿರುವ ಹೆಣ್ಣು ಭೂಗೋಳದ ಮೇಡಂ ಎಂದು ಅವನ ಸೋದರಮಾವ ತಿಮ್ಮಯ್ಯ ಬಾಯಿಬಿಟ್ಟ ಗಳಿಗೆಯಿಂದ. ನೊಣವಿನಕೆರೆ ಪಕ್ಕದ ಹಳ್ಳಿಯ ಭೀಮರಾಜುವಿಗೆ ಒಳ್ಳೆಯ ತೆಂಗಿನ ತೋಟವಿತ್ತು, ಅಟ್ಟದ ತುಂಬ ಕೊಬ್ಬರಿಯಿತ್ತು, ಮೀಸೆಯಲ್ಲಿ ಒಂದಿಷ್ಟು ಬಿಳಿ ಕೂದಲೂ ಇತ್ತು. ಹೆಂಡತಿ ಮಾತ್ರ ಇರಲಿಲ್ಲ. ನೋಡಿದ ಹೆಣ್ಣುಗಳೆಲ್ಲ ತೆಂಗಿನ ತೋಟ ಅಂದ ಕೂಡಲೇ ಮುಖ ತಿರುಗಿಸಿದ್ದರು. ತುರುವೇಕೆರೆಯ ಈ ಭವ್ಯಶ್ರೀಯೂ ಕೈತಪ್ಪಿದರೆ ಇನ್ನು ಮದುವೆಯ ಮಾತೇ ಎತ್ತುವುದಿಲ್ಲ ಎಂದು ಅವ್ವ ಅಂಕಮ್ಮ ಹೇಳಿಯಾಗಿತ್ತು. ತೋಟದಿಂದ ದಣಿದು ಬಂದರೆ ಮಾತಾಡಿಸಲು ಒಂದು ಜೀವ ಬೇಕೆಂಬ ಆಸೆ ಮಾತ್ರ ಭೀಮರಾಜುವಿನ ಎದೆ ಬಿಟ್ಟು ಹೋಗಿರಲಿಲ್ಲ.

“ಲೇ ಭೀಮಾ, ಓದಿದ ಹೆಣ್ಣು ಕಣ್ಲಾ,” ಎಂದ ತಿಮ್ಮಯ್ಯ. “ತೆಂಗು, ಕಾಯಿ, ಕೊಬ್ಬರಿ, ಇವು ನಿನ್ ಬಾಯಿಂದ ಬರ್‌ಕೂಡ್ದು. ತಿಪಟೂರಲ್ಲಿ ಬಿಸಿನೆಸ್ಸು ಅನ್ನು. ದೇಶದ ಬೆಟ್ಟ, ಬಯಲು, ಮರಳುಗಾಡು ಎಲ್ಲಾನೂ ಅರಳು ಹುರಿದಂಗೆ ಹೇಳ್ಬೇಕು.”

“ನಾನು ಅರಸೀಕೆರೆ ದಾಟಿ ಹೋದೋನಲ್ವಲ್ಲ ಮಾವ!”

“ಸಾಯಂಕಾಲದೊಳ್ಗೆ ಕಲ್ತ್ಕೋ.”

ಸಲಹೆ ಕೊಡುವುದರಲ್ಲಿ ತಿಮ್ಮಯ್ಯನದು ಎತ್ತಿದ ಕೈ. ಅದನ್ನು ಕೇಳಿ ಉದ್ಧಾರವಾದವರನ್ನು ಮಾತ್ರ ಊರಿನಲ್ಲಿ ಇನ್ನೂ ಯಾರೂ ಕಂಡಿಲ್ಲ.

ಭೀಮರಾಜು ಹಿಡಿದ ಪಟ್ಟು ಬಿಡುವವನಲ್ಲ. ಪಕ್ಕದ ಮನೆ ಭೈರಮ್ಮನ ಮೊಮ್ಮಗಳ ಪಾಠದ ಪುಸ್ತಕ ಇಸಿದುಕೊಂಡು ತೋಟಕ್ಕೆ ನಡೆದ. ಎಷ್ಟು ಓದಿದರೂ ಒಂದಕ್ಷರ ತಲೆಗೆ ಹತ್ತಲಿಲ್ಲ. ಕೊನೆಗೆ ಪುಸ್ತಕ ಮಡಚಿ, ತೋಟವನ್ನೇ ದೇಶ ಮಾಡಿಕೊಂಡ. ಬಡಗಣ ಬೇಲಿಯುದ್ದಕ್ಕೂ ಬಿದ್ದಿದ್ದ, ಕಾಯಿ ಸುಲಿದ ಮಟ್ಟೆಯ ರಾಶಿ ಹಿಮಾಲಯ. ಅದರ ಕೆಳಗೆ ಬೋರ್‌ವೆಲ್ ನೀರು ಹರಿದು ಹದವಾಗಿದ್ದ ಮಣ್ಣು ಗಂಗಾ ಬಯಲು. ಪಡುವಣ ಮೂಲೆಯಲ್ಲಿ ಹುಳ ತಿಂದು ಗರಿಯೆಲ್ಲ ಒಣಗಿದ್ದ ಜಾಗ ಥಾರ್ ಮರುಭೂಮಿ. ನಡುವಿನ ಗರಸು ದಿಬ್ಬ ಪ್ರಸ್ಥಭೂಮಿ, ಎರಡು ಬದಿಯ ಕಾಲುವೆ ಕರಾವಳಿ, ಬೇಲಿಯಾಚೆ ಒಂಟೊಂಟಿಯಾಗಿ ನಿಂತ ಮರಗಳು ದ್ವೀಪ. ಒಂದು ಸುತ್ತು ಹಾಕುವಷ್ಟರಲ್ಲಿ ಭಾರತವೆಲ್ಲ ಬಾಯಿಪಾಠವಾಯಿತು. ಇಷ್ಟು ವರ್ಷ ಹಿಮಾಲಯದ ಮೇಲೆ ಕೂತು ಬೀಡಿ ಸೇದಿದ್ದೇನಲ್ಲ ಎಂದು ಅವನಿಗೆ ಹೆಮ್ಮೆಯೂ ಆಯಿತು.

ಹಸು ಈಯುವ ಹೊತ್ತೆಂದು ಅಂಕಮ್ಮ ಮನೆಯಲ್ಲೇ ಉಳಿದಳು. ಬಾಡಿಗೆ ಓಮ್ನಿಗೆ ಅವಳ ಬದಲು ಭೈರಮ್ಮ ಹತ್ತಿದಳು. ಊರಿಗೆಲ್ಲ ಕೇದಾರ ಕಂಡವಳು ತಾನೊಬ್ಬಳೇ ಎಂಬ ಹಕ್ಕು ಅವಳದು.

“ಹಿಮಾಲಯದಲ್ಲಿ ಬೋ ಚಳಿ ಅಂತ ಮೊದ್ಲು ಹೇಳಪ್ಪ. ನನ್ನೆರಡು ಮಂಡೀನೂ ಹಿಡ್ಕೊಂಬುಟ್ಟಿದ್ವು, ಅದ್ನೂ ಸೇರ್ಸು.”

“ನಿನ್ ಮಂಡಿ ಪುಸ್ತಕದಲ್ಲಿಲ್ಲ, ಸುಮ್ಕಿರವ್ವ,” ಎಂದ ತಿಮ್ಮಯ್ಯ, ಅಳಿಯನ ತಲೆ ಮೂಸಿ ಹೌಹಾರಿದ. “ಅಯ್ಯೋ, ಕೊಬ್ಬರಿ ಎಣ್ಣೆ ಬಳ್ಕೊಂಡಿದೀಯಲ್ಲೋ! ಗಾಡಿ ನಿಲ್ಸಪ್ಪ.”

ದಾರಿಬದಿಯ ನಲ್ಲಿಯಲ್ಲಿ ಭೀಮರಾಜುವಿನ ತಲೆಗೆ ಬಟ್ಟೆ ಸೋಪು ಬಿತ್ತು. ಕೂದಲು ಮುಳ್ಳುಹಂದಿಯಂತೆ ಎದ್ದು ನಿಂತಿತು. ಅಷ್ಟಕ್ಕೂ ಬಿಡದೆ ತಿಮ್ಮಯ್ಯ, ಹೂವು ಹಣ್ಣಿನ ಜೊತೆ ಅಂಕಮ್ಮ ಇಟ್ಟಿದ್ದ ತೆಂಗಿನಕಾಯಿಯನ್ನು ಅಂಗಡಿಯೊಂದರಲ್ಲಿ ಕೊಟ್ಟು ಅನಾನಸ್ ತಂದ. ಕಾಯಿಯಿಲ್ಲದೆ ಶುಭಕಾರ್ಯಕ್ಕೆ ಹೊರಡುವುದೆಂದರೆ ಭೀಮರಾಜುವಿಗೆ ಮೈಮೇಲೆ ಅಂಗಿಯೇ ಇಲ್ಲದಂತಾಯಿತು. ಆದರೂ ಹಲ್ಲು ಕಚ್ಚಿಕೊಂಡು ಕೂತ.

ತುರುವೇಕೆರೆಯಲ್ಲಿ ಭವ್ಯಶ್ರೀ ತಿಂಡಿ ಕೊಟ್ಟು ಎದುರಿಗೇ ಕುಳಿತಳು. ಉಪ್ಪಿಟ್ಟಿನ ಮೇಲೆ ಬೆಳ್ಳಗೆ ಕಾಯಿತುರಿ ಉದುರಿಸಿದ್ದರು. ತಿಮ್ಮಯ್ಯ ಕಣ್ಣು ಕೆಕ್ಕರಿಸಿದ. ಭೀಮರಾಜು ಒಂದೊಂದೇ ತುರಿಯನ್ನು ಹೆಕ್ಕಿ ತಟ್ಟೆಯಂಚಿಗೆ ಸರಿಸತೊಡಗಿದ.

“ಯಾಕ್ರೀ, ಕಾಯಿ ತಿನ್ನಲ್ವಾ?” ಎಂದಳು ಭವ್ಯಶ್ರೀ.

“ಕಂಡ್ರೇ ಆಗಲ್ಲ. ನಮ್ ದೇಶದ ಉತ್ತರಕ್ಕೆ ಹಿಮಾಲಯ ಪರ್ವತ...” ಎಂದು ಶುರುಮಾಡಿದವನು, ಕಣ್ಣುಮುಚ್ಚಿ ಮನಸ್ಸಿನಲ್ಲೇ ತೋಟ ಸುತ್ತುತ್ತ ದ್ವೀಪ ಮುಟ್ಟಿಯೇ ನಿಲ್ಲಿಸಿದ. ಒಂದು ಮಾತೂ ತಪ್ಪಲಿಲ್ಲ. ನಡುವೆ ಭೈರಮ್ಮ ತನ್ನ ಮಂಡಿನೋವನ್ನು ಸೇರಿಸಿದ್ದಷ್ಟೇ ಹೆಚ್ಚಿಗೆ.

ಭವ್ಯಶ್ರೀ ಆಕಳಿಕೆ ತಡೆದುಕೊಂಡಳು. “ಇದ್ನ ದಿನಾ ಮಕ್ಳಿಗೆ ಹೇಳಿ ಹೇಳಿ ಸಾಕಾಗೈತೆ ಕಣ್ರೀ. ಅದ್ಬುಡಿ, ನಿಮ್ಗೆ ತೋಟ ಇಲ್ವಾ?”

ತಿಮ್ಮಯ್ಯ ಕೆಮ್ಮಿದ.

“ಇಲ್ಲ,” ಎಂದ ಭೀಮರಾಜು ಗಟ್ಟಿಯಾಗಿ. “ತೋಟಕ್ಕೂ ನನ್ಗೂ ಸಂಬಂಧಾನೇ ಇಲ್ಲ. ತಿಪಟೂರಲ್ಲಿ ಬಿಸಿನೆಸ್ಸು.”

ಅವಳ ಮುಖ ಬಾಡಿತು. ಅವಳ ತಂದೆ ಕೈಮುಗಿದರು. “ಬೇಜಾರು ಮಾಡ್ಕೋಬೇಡಿ ಸ್ವಾಮಿ. ನಮ್ಗೆ ಗೇಣು ಜಮೀನಿಲ್ಲ, ಬಾಡಿಗೆ ಮನೇಲೇ ಬೆಳೆದೋಳು ಇವ್ಳು. ತೆಂಗಿನ ತೋಟ ಇರೋ ಮನೆಗೇ ಹೋಗೋದು ಅಂತ ಹಟ ಹಿಡ್ದವ್ಳೆ. ನೊಣವಿನಕೆರೆ ಕಡೆಯವ್ರು ಅಂದಿದ್ದಕ್ಕೆ ತೋಟ ಇದ್ದೇ ಇರ್ತದೆ ಅಂದ್ಕೊಂಡ್ವಿ.”

ಭೀಮರಾಜು ದಡಕ್ಕನೆ ಎದ್ದು ನಿಂತ. “ಐತೆ ಕಣ್ರೀ, ಐತೆ! ಇಷ್ಟೊತ್ತು ನಾ ಹೇಳಿದ್ದೆಲ್ಲ ನಮ್ ತೋಟಾನೇ! ಹಿಮಾಲಯ ಅಂದ್ರೆ ಮಟ್ಟೆ ರಾಶಿ! ಮರುಭೂಮಿಗೆ ಹುಳ ಬಿದ್ದದೆ, ಗಂಗಾ ಬಯಲಲ್ಲಿ ಗೊನೆ ಜಗ್ಗಾಡ್ತವೆ!” ಎನ್ನುತ್ತ, ತಟ್ಟೆಯಂಚಿನ ಕಾಯಿತುರಿಯನ್ನೆಲ್ಲ ಬಳಿದು ಬಾಯಿಗೆ ಹಾಕಿಕೊಂಡ.

ಭವ್ಯಶ್ರೀ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ತಂದೆಯೂ ನಕ್ಕರು. ಗೆದ್ದೆ ಎಂದುಕೊಂಡ ಭೀಮರಾಜು. ತಿಮ್ಮಯ್ಯನಂತೂ ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನ ಹುಡುಕತೊಡಗಿದ.

ನಗು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡಳು.

“ತೋಟ ಒಪ್ಪಿಗೆ ಕಣ್ರೀ. ನೀವು ಆಗಲ್ಲ. ಅನ್ನ ಹಾಕೋ ತೋಟಾನೇ ಇಲ್ಲ ಅಂದ್ಬುಟ್ರಿ. ನಾಳೆ ನಿಮ್ ಮಾವ ಇನ್ನೊಂದ್ಸಲ ಕೆಮ್ಮಿದ್ರೆ, ಹೆಂಡ್ತೀನೂ ಇಲ್ಲ ಅಂತೀರಿ.”

ಭೀಮರಾಜು ತಲೆತಗ್ಗಿಸಿ ಹೊರಗೆ ಬಂದು ಚಪ್ಪಲಿ ಹುಡುಕತೊಡಗಿದ.